ತಲೆಯ ಮೇಲೆ ಬನ್ನು, ಒಂದು ಕೈಯಲ್ಲಿ ಹ್ಯಾಂಡಲ್

ಉಬಾಲ್ದೊನನ್ನು ಮೊದಲು ಕಂಡ ದಿನ ಅವನು ನನ್ನ ಮೇಲೆ ಸೈಕಲ್ ಹತ್ತಿಸುತ್ತಾನೆಂದೇ ತಿಳಿದೆ. ಯಜಮಾನರು ತೀರಿಕೊಂಡ ಮೇಲೆ ನಾನು ಚರ್ಚಿನ ಇಳಿಜಾರಿನ ಮೂಲೆಯಲ್ಲಿ ಜೋಳದ ಗಂಜಿ ಮಾರಲು ಕೂತ ಹೊಸತು. ಪಾತ್ರೆ ಎತ್ತಿಕೊಂಡು ರಸ್ತೆ ದಾಟುತ್ತಿದ್ದೆ. ಮೇಲಿನಿಂದ ಅವನು ಬಂದ. ತಲೆಯ ಮೇಲೆ ಗಾಡಿಚಕ್ರದಷ್ಟು ಅಗಲದ ಬುಟ್ಟಿ, ಅದರ ತುಂಬ ಸಿಹಿ ಬನ್ನು. ಒಂದು ಕೈ ಬುಟ್ಟಿಗೆ, ಇನ್ನೊಂದು ಹ್ಯಾಂಡಲಿಗೆ. ನನ್ನನ್ನು ನೋಡಿದವನೇ ಹ್ಯಾಂಡಲನ್ನು ನನ್ನ ಕಡೆಗೇ ಚೂರು ತಿರುವಿದ. ಅಷ್ಟಕ್ಕೇ ಸೈಕಲ್ಲು ಆಚೆ ವಾಲಿ, ನನ್ನ ಶಾಲಿನ ಅಂಚು ಸವರಿಕೊಂಡು ಹೋಯಿತು.

“ಕಣ್ಣು ಕಾಣಲ್ವೇನೋ? ನನ್ನ ಕಡೆಗೇ ತಿರುಗಿಸ್ತೀಯಲ್ಲ!”

ಕೆಳಗೆ ನಿಲ್ಲಿಸಿ ನಕ್ಕ. ನಮ್ಮೂರಲ್ಲಿ ಹಿರಿಯ ಹೆಂಗಸರನ್ನು ಕರೆಯುವಂತೆ ‘ದೋನ್ಯಾ’ ಎಂದೇ ಕರೆದ. “ನಿಮ್ಮ ಕಡೆ ತಿರುಗಿಸಿದ್ದಕ್ಕೇ ಸೈಕಲ್ಲು ಆ ಕಡೆ ವಾಲಿದ್ದು ದೋನ್ಯಾ. ಆ ಕಡೆಗೇ ಎಳೆದಿದ್ರೆ ಗಂಜಿ, ಬನ್ನು ಎರಡೂ ರಸ್ತೆ ಪಾಲು.”

ಆಮೇಲೆ ದಿನವೂ ನನ್ನಲ್ಲಿ ಗಂಜಿ ಕುಡಿದೇ ಮಾರುಕಟ್ಟೆಗೆ ಹೋಗುತ್ತಿದ್ದ. ಅವನು ಮೂಲೆ ತಿರುಗುವುದನ್ನು ನೋಡಲೆಂದೇ ನಾನು ಒಲೆ ಬಿಟ್ಟು ಏಳುತ್ತಿದ್ದೆ. ಕುತ್ತಿಗೆ ಅಲುಗುತ್ತಿರಲಿಲ್ಲ, ವಾಲುವುದೆಲ್ಲ ಸೊಂಟದಿಂದ ಕೆಳಗೆ. ಕಲ್ಲು ಹಾಸಿದ ಕಡೆ ಸೀಟಿನಿಂದ ಬೆರಳಷ್ಟು ಮೇಲೆದ್ದು, ಭಾರವನ್ನು ಪೆಡಲಿಗೆ ಬಿಡುತ್ತಿದ್ದ. ಅಷ್ಟು ಚೆಂದವಾಗಿ ಊರಲ್ಲಿ ಯಾರೂ ನಡೆಯುತ್ತಲೂ ಇರಲಿಲ್ಲ.

ಹೊಟ್ಟೆಯ ಕಾಯಿಲೆ ಬಂದು ಅವನ ಮೈ ಇಳಿದುಹೋಯಿತು. ಬುಟ್ಟಿಯ ತೂಕ ಅಷ್ಟೇ ಇತ್ತು, ಅದನ್ನು ತಡೆಯುವ ತೂಕ ಅವನಲ್ಲಿರಲಿಲ್ಲ. ಬುಟ್ಟಿ ಎಳೆದ ಕಡೆ ಅವನು ಹೋಗಬೇಕಾಯಿತು. ಎರಡು ಸಲ ಬಿದ್ದ. “ಇನ್ನೊಂದು ಸಲ ಬನ್ನು ಚೆಲ್ಲಿದ್ರೆ ಬುಟ್ಟಿ ಬೇರೆಯವರಿಗೆ,” ಎಂದ ಬೇಕರಿಯವನು. ಅವನ ಮನೆ ನಡೆಯುತ್ತಿದ್ದುದೇ ಆ ಬುಟ್ಟಿಯಿಂದ.

ಆಗ ಹೆಂಡತಿ ನಿಕಾನೋರಾ ಸೈಕಲ್ ಹಿಡಿದಳು. ದಪ್ಪನೆಯ ಹೆಂಗಸು. ಬುಟ್ಟಿಯಲ್ಲಿ ಕುಂಬಳಕಾಯಿ ಇಟ್ಟುಕೊಂಡು ಕಲಿತಳು. ಅವು ಇಳಿಜಾರಿನುದ್ದಕ್ಕೂ ಉರುಳಿದವು. ಉಬಾಲ್ದೊ ನನ್ನ ಸ್ಟೂಲಿನ ಮೇಲೆ ಕಂಬಳಿ ಹೊದ್ದು ಕೂತು ಕೂಗುತ್ತಿದ್ದ.

“ಹ್ಯಾಂಡಲ್ ಹಿಂಡಬೇಡ ಕಣೇ! ಅದೇನು ಕೋಳಿ ಕತ್ತಾ?”

“ನಿನ್ನ ಕತ್ತು ಅಂದ್ಕೊಂಡೇ ಹಿಡಿದಿದೀನಿ!”

“ಸೊಂಟ ವಾಲಿಸು, ಸೊಂಟ! ದೇವರು ಅಷ್ಟೊಂದು ಕೊಟ್ಟಿರೋದು ಯಾಕೆ?”

“ಇಷ್ಟು ವರ್ಷ ಆಡ್ಕೊಂಡು ನಗ್ತಿದ್ದ, ಈಗ ಬೇಕಾಯ್ತು ನೋಡಿ ದೋನ್ಯಾ ತೋಮಾಸಾ!”

ಹ್ಯಾಂಡಲಿನ ಮೇಲೆ ಅವಳ ಹಿಡಿತ ಸಡಿಲಾದ ಮೇಲೆ ಆ ಮೈಭಾರವೇ ಅವಳನ್ನು ಕಾಯಿತು. ಅವನಿಗಿಂತ ಗಟ್ಟಿಯಾಗಿ ತಿರುಗಿದಳು. ಅವನು ಬೈಯುವುದನ್ನು ನಿಲ್ಲಿಸಿದ.

ಅವಳು ಬನ್ನಿನ ಬುಟ್ಟಿ ಹೊತ್ತ ಮೊದಲ ದಿನ ಅವನಿಗೆ ಹಾಸಿಗೆಯಿಂದ ಏಳಲಾಗಲಿಲ್ಲ. ಅವಳು ಇಳಿಜಾರು ಇಳಿದು, ಮೂಲೆ ತಿರುಗಿ, ಮಾರುಕಟ್ಟೆಯ ಬಾಗಿಲು ದಾಟುವವರೆಗೂ ನೋಡಿ ನಾನು ಅವನ ಮನೆಗೆ ನಡೆದೆ.

“ಒಂದು ಬನ್ನೂ ಬೀಳ್ಲಿಲ್ಲ ಕಣಪ್ಪ.”

ಕಣ್ಣು ಮುಚ್ಚಿ ನೆಮ್ಮದಿಯ ಉಸಿರು ಬಿಟ್ಟ. ಮರುಕ್ಷಣವೇ ಏನೋ ನೆನಪಾಗಿ ಎದ್ದು ಕೂರಲು ನೋಡಿದ. ಆ ವಾರವೇ ತೀರಿಕೊಂಡ. ಅವನು ನನ್ನನ್ನು ಕೊನೆಯದಾಗಿ ಕೇಳಿಕೊಂಡಿದ್ದು ಆಗ ಹೇಳಿದ ಈ ಮಾತನ್ನೇ.

“ತುಂಬಿದ ಬುಟ್ಟಿಲಿ ಎಚ್ಚರ ಇರುತ್ತೆ ದೋನ್ಯಾ. ಬುಟ್ಟಿ ಹೊರೋ ನಾವೆಲ್ಲ ಬೀಳೋದು ಖಾಲಿ ಬುಟ್ಟಿಲಿ ವಾಪಸ್ ಬರೋವಾಗ. ಇಲ್ಲದ ಭಾರಕ್ಕೂ ಮೈ ವಾಲಿಬಿಡುತ್ತೆ. ಮಾರುಕಟ್ಟೆ ಬಾಗಿಲಲ್ಲೇ ತಡೆದು, ಬುಟ್ಟಿಗೆ ನಾಲ್ಕು ಕಲ್ಲು ಹಾಕಿ ಕಳಿಸ್ತೀರಾ ಅವಳನ್ನ?”