ಹದಿನೆಂಟನೆಯ ತಲೆ

ದೆವ್ವ, ಗಾಳಿ, ಶಕುನ ಇವನ್ನೆಲ್ಲ ನಾನು ನಂಬಿದವಳಲ್ಲ. ಓಣಿಯಲ್ಲಿ ಯಾರಿಗಾದರೂ ಗಾಳಿ ಹಿಡಿದಿದೆ ಎಂದರೆ, ಮೊದಲು ಹೊಟ್ಟೆ ತುಂಬ ಉಣ್ಣಲು ಹಾಕಿ ನೋಡಿರಿ ಎನ್ನುವವಳು ನಾನು. ಮಕ್ಕಳ ಮಾತನ್ನಂತೂ ಅದಕ್ಕಿಂತ ಕಡಿಮೆ ನಂಬುತ್ತಿದ್ದೆ. ಕೆಲಸ ಬಂದರೆ ಹೊಟ್ಟೆನೋವು, ಊಟ ಬಂದರೆ ಹಸಿವು, ಅಷ್ಟೇ ಅವುಗಳ ಮಾತು ಎಂದುಕೊಂಡಿದ್ದೆ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವಳು ಬರೆದದ್ದು ಇದು, ತಪ್ಪಿದ್ದರೆ ತಿದ್ದಿಕೊಂಡು ಓದಿರಿ.

ಹೋದ ತಿಂಗಳು ಲಿಂಗಸುಗೂರಿಗೆ ಮೊಮ್ಮಗಳು ಶಿವಲೀಲಾಳ ಶಾಲೆಯ ಪಾಲಕರ ಸಭೆಗೆ ಹೋಗಿದ್ದೆ. ಅವಳು ಅಲ್ಲೇ ಹಾಸ್ಟೆಲಿನಲ್ಲಿದ್ದು ಒಂಬತ್ತನೆಯ ತರಗತಿ ಓದುತ್ತಾಳೆ. ಈ ವರ್ಷ ಮಕ್ಕಳೆಲ್ಲ ಸೇರಿ ಅವಳನ್ನು ಶಾಲೆಯ ನಾಯಕಿ ಎಂದು ಆರಿಸಿದ್ದಾರೆ. ಭಾಷಣಕ್ಕೆ ಬಂದವರೊಬ್ಬರು, ಮನಸ್ಸು ಒಳಗಿನಿಂದ ಹೇಳಿದ್ದನ್ನು ನಂಬಲು ಮಕ್ಕಳಿಗೆ ಕಲಿಸಿರಿ, ಆಗ ನಾಯಕರಾಗುತ್ತಾರೆ ಎಂದರು. ಆಮೇಲೆ ಮೈಕನ್ನು ನನ್ನ ಬಾಯಿಗೆ ಹಿಡಿದು, ನೀವು ಹೇಗೆ ಕಲಿಸಿದಿರಿ ಅಜ್ಜಿ ಎಂದು ಕೇಳಿದರು. "ಕಪಾಳಕ್ಕೊಂದು ಹೊಡದೆ ರೀ, ಆಮ್ಯಾಲ ಆಕಿ ಹಿಂದ ನಡದೆ" ಎಂದೆ. ಎಲ್ಲರೂ ನಕ್ಕರು. ನಾನು ನಗಿಸಲು ಹೇಳಿದ್ದಲ್ಲ. ಅಲ್ಲಿ ಪೂರ್ತಿ ಹೇಳಲಾಗಲಿಲ್ಲ, ಇಲ್ಲಿ ಹೇಳುತ್ತೇನೆ.

ಐದು ವರ್ಷದ ಹಿಂದಿನ ಮಾತು. ಮಸ್ಕಿಯಿಂದ ಕೂಲಿ ಹೆಂಗಸರ ಗುಂಪು ಕಟ್ಟಿಕೊಂಡು ಹೊಲಗಳಿಗೆ ಹೋಗುವವಳು ನಾನು. ಭತ್ತದ ನಾಟಿಗೆ ಕಾಲುವೆ ಕಡೆ, ಸುಗ್ಗಿ ಬಂದರೆ ಮೆಣಸಿನಕಾಯಿ ಬಿಡಿಸಲು. ನನ್ನದೊಂದು ಪದ್ಧತಿ ಇತ್ತು. ಸಂಜೆ ಗಾಡಿ ಹತ್ತುವ ಮೊದಲು ಎಲ್ಲರನ್ನೂ ಬದುವಿನ ಮೇಲೆ ಸಾಲಾಗಿ ಕೂಡಿಸಿ, ಒಬ್ಬೊಬ್ಬರ ತಲೆಯ ಮೇಲೆ ಕೈಯಿಟ್ಟು ಎಣಿಸುತ್ತಿದ್ದೆ. ಹಿಂದೊಮ್ಮೆ ಒಬ್ಬ ಹುಡುಗಿ ಗಿಡದ ನೆರಳಿಗೆ ನಿದ್ದೆ ಹೋಗಿ ಹೊಲದಲ್ಲೇ ಉಳಿದಿದ್ದಳು, ಅರ್ಧ ದಾರಿಯಿಂದ ತಿರುಗಿ ಹೋಗಿ ಕರೆತಂದೆವು. ಅಂದಿನಿಂದ ನಾನು ಕಣ್ಣಿನ ಲೆಕ್ಕ ಬಿಟ್ಟು ಕೈಯ ಲೆಕ್ಕ ಹಿಡಿದೆ.

ಆ ದಿನ ಭಾನುವಾರ. ಬಳಗಾನೂರಿನ ಆಚೆ ಮೆಣಸಿನ ಹೊಲ. ಶಾಲೆ ಇರಲಿಲ್ಲವಾದ್ದರಿಂದ ಶಿವಲೀಲಾ ಬಂದಿದ್ದಳು, ಅವಳ ಓರಿಗೆಯ ಇನ್ನೂ ಮೂರು ಮಕ್ಕಳೂ ಇದ್ದವು. ನನ್ನನ್ನು ಬಿಟ್ಟು ಹದಿನೇಳು ಜನ. ಬೆಳಿಗ್ಗೆ ಎಣಿಸಿದ್ದೆ. ದಿನವೆಲ್ಲ ಬಿಸಿಲು, ಮೆಣಸಿನ ಘಾಟು. ಮೂಗು ಬಾಯಿಗೆ ಟವೆಲ್ ಸುತ್ತಿಕೊಂಡು ಬಿಡಿಸಿದೆವು.

ಹೊತ್ತು ಮುಳುಗುವ ಮುಂಚೆ ಹುಸೇನಪ್ಪ ತನ್ನ ಗೂಡ್ಸ್ ಗಾಡಿ ತಂದು ನಿಲ್ಲಿಸಿದ. ಸಾಲಿಗೆ ಕೂಡಿಸಿ ಎಣಿಸಿದೆ. ಹದಿನೆಂಟು. ತಪ್ಪಿತೆಂದು ಮತ್ತೆ ಎಣಿಸಿದೆ. ಹದಿನೆಂಟು. ಗುಂಪಿನಲ್ಲಿ ಬಲು ಮಾತಿನವಳಾದ ಹುಲಿಗೆಮ್ಮ ನಗಲು ಶುರುಮಾಡಿದಳು. "ಅಕ್ಕಾ, ನಿನ್ನ ತಲಿ ಮ್ಯಾಲೂ ಕೈ ಇಟ್ಕೊಂಡಿ ನೋಡು. ವಯಸ್ಸಾತು, ಲೆಕ್ಕ ನನಗ ಕೊಡು."

ಬೇರೆ ಗುಂಪಿನವಳು ಯಾರೋ ಸೇರಿಕೊಂಡಿದ್ದಾಳೆ ಎಂದು ಮುಸುಕು ತೆಗೆಯಿರಿ ಎಂದೆ. ತೆಗೆದರು. ಎಲ್ಲ ನಮ್ಮವರೇ. ಹೆಸರು ಹಿಡಿದು ಕೂಗಿದೆ, ಒಬ್ಬೊಬ್ಬರೂ ಓ ಎಂದರು. ಹೆಸರಿನ ಲೆಕ್ಕಕ್ಕೆ ಹದಿನೇಳು. ಮೂರನೆಯ ಸಲ ಈ ತುದಿಯಿಂದ ಆ ತುದಿಗೆ ಕೈಯಿಟ್ಟು ಹೋದೆ. ಹದಿನೆಂಟು. ಆಗ ಯಾರೂ ನಗಲಿಲ್ಲ. ಗುಂಪಿನ ಮುಂದೆ ಹೆದರಿಕೆ ತೋರಿಸಿದರೆ ನಾಳೆ ನನ್ನ ಮಾತು ಯಾರು ಕೇಳುತ್ತಾರೆ? ಸಾಕು, ಹತ್ತಿರಿ ಎಂದೆ.

"ಯಮ್ಮಾ, ಗಾಡಿ ಬ್ಯಾಡ" ಎಂದಳು ಶಿವಲೀಲಾ. "ನಡಕೊಂತ ಹೋಗೂಣು."

"ಯಾಕಲೇ?"

"ಯಾಕಂತ ಗೊತ್ತಿಲ್ಲ. ಒಳಗ ಬ್ಯಾಡ ಬ್ಯಾಡ ಅನಸಾಕತ್ತೈತಿ."

ಬಳಗಾನೂರಿಗೆ ತಾಸಿಗಿಂತ ಹೆಚ್ಚು ದಾರಿ. ಎಲ್ಲರ ಸೊಂಟ ಬಿದ್ದುಹೋಗಿತ್ತು. ನನಗಿದ್ದ ಹೆದರಿಕೆಯನ್ನೆಲ್ಲ ಕೈಗೆ ತಂದುಕೊಂಡು ಅವಳ ಕಪಾಳಕ್ಕೆ ಹೊಡೆದೆ. ಹುಡುಗಿ ಅಳಲಿಲ್ಲ. ಒಂದು ಸಲ ನನ್ನ ಮುಖ ನೋಡಿದಳು, ಆಮೇಲೆ ಆ ಮೂರು ಮಕ್ಕಳ ಕೈ ಹಿಡಿದು ಕಾಲುವೆಯ ದಂಡೆ ಹತ್ತಿ ನಡೆಯತೊಡಗಿದಳು. ಮಕ್ಕಳು ಸುಮ್ಮನೆ ಅವಳ ಹಿಂದೆ ಹೋದವು. ಅವುಗಳ ತಾಯಂದಿರು ಬೈಯುತ್ತಾ ಹಿಂದೆ ಹೋದರು. ನೋಡನೋಡುತ್ತಲೇ ಉಳಿದವರೂ ಬುಟ್ಟಿ ಎತ್ತಿಕೊಂಡರು. ಇಪ್ಪತ್ತು ವರ್ಷ ನಡೆಸಿದ ಗುಂಪು ಒಂಬತ್ತು ವರ್ಷದವಳ ಹಿಂದೆ ಹೊರಟಿತು.

"ನಾ ಏನ್ ಹುಲಿ ಏನ್ರಬೇ, ತಿಂತೀನೇನು? ಖಾಲಿ ಗಾಡಿ ಒಯ್ಯಲೇನು?" ಎಂದು ಹುಸೇನಪ್ಪ ಒದರಿದ. ಗಾಡಿಯಲ್ಲಿ ಕೂತುಬಿಟ್ಟರೆ ನನ್ನ ಮಾನ ಉಳಿಯುತ್ತಿತ್ತು. ಆದರೆ ಆ ಮಕ್ಕಳಿಗೆ ಏನಾದರೂ ಆದರೆ? ನಾನೂ ದಂಡೆ ಹತ್ತಿದೆ.

ಯಾವಾಗಲೂ ಗುಂಪಿನ ಮುಂದೆ ನಡೆಯುವವಳು ಅಂದು ಎಲ್ಲರಿಗಿಂತ ಹಿಂದೆ ನಡೆದೆ, ಹಿಂದೆ ಯಾರೂ ಉಳಿಯಬಾರದೆಂದು. ಕತ್ತಲಾಗುತ್ತಿತ್ತು. ಪಕ್ಕದಲ್ಲಿ ಕಾಲುವೆ ತುಂಬಿ ಹರಿಯುತ್ತಿತ್ತು. ಹುಲಿಗೆಮ್ಮನಂಥ ಹುಲಿಗೆಮ್ಮನೇ ಬಾಯಿ ಮುಚ್ಚಿಕೊಂಡು ನಡೆದಳು. ಎಲ್ಲಕ್ಕೂ ಮುಂದಿನಿಂದ ಶಿವಲೀಲಾಳ ದನಿ ಮಾತ್ರ ಬರುತ್ತಿತ್ತು, ಇಲ್ಲಿ ತಗ್ಗು ಐತಿ, ಇಲ್ಲಿ ಮುಳ್ಳು ಐತಿ ಎಂದು. ಆ ದನಿ ಹಿಡಿದುಕೊಂಡು ನಡೆದೆವು. ಕೆಳಗಿನ ರಸ್ತೆಯಲ್ಲಿ ಹುಸೇನಪ್ಪನ ಗಾಡಿ ನಮ್ಮನ್ನು ದಾಟಿ ಹೋಯಿತು. ನಾನು ಅದರ ಕಡೆ ನೋಡಲಿಲ್ಲ. ಹಿಂದಕ್ಕೂ ನೋಡಲಿಲ್ಲ.

ಬಳಗಾನೂರಿನ ಬಸ್ ನಿಲ್ದಾಣದ ದೀಪದ ಕೆಳಗೆ ಮತ್ತೆ ಕೈಯಿಟ್ಟು ಎಣಿಸಿದೆ. ಹದಿನೇಳು. ಎರಡು ಸಲ ಎಣಿಸಿದೆ. ಹದಿನೇಳು. ಸಿಂಧನೂರಿನಿಂದ ಬಂದ ಕಡೆಯ ಬಸ್ಸು ಹತ್ತಿ ಮಸ್ಕಿ ಮುಟ್ಟಿದೆವು.

ಗಾಡಿಗೆ ಏನೂ ಆಗಲಿಲ್ಲ. ಕಾಲುವೆಗೆ ಬೀಳಲಿಲ್ಲ, ಚಕ್ರ ಕಳಚಲಿಲ್ಲ. ಮರುದಿನ ಬೆಳಿಗ್ಗೆ ಇದನ್ನೇ ಹೇಳಿ ಮೊಮ್ಮಗಳನ್ನು ಬೈಯಬೇಕೆಂದು ನಾನು ಬಾಯಿ ತೆರೆದಿದ್ದೆ, ಅಷ್ಟರಲ್ಲಿ ಹುಸೇನಪ್ಪನೇ ಬಾಗಿಲಿಗೆ ಬಂದ. ಮುಖ ಸಣ್ಣದಾಗಿತ್ತು.

"ಅಕ್ಕಾ, ನಿನ್ನಿ ಆಕಿ ಮನಿ ಮುಟ್ಯಾಳಿಲ್ಲೋ?"

"ಯಾವಾಕಿ?"

"ನೀವೆಲ್ಲಾ ಹೋದ ಮ್ಯಾಲ ಒಬ್ಬಾಕಿ ಹತ್ತಿದ್ಲಲ್ಲ. ಗಾಡಿ ಜಗ್ಗಿದ್ದು ಗೊತ್ತಾತು. ಕನ್ನಡ್ಯಾಗ ನೋಡಿದೆ, ಮುಸುಕು ಹಾಕ್ಕೊಂಡು ಕುಂತಿದ್ಲು. ಮಸ್ಕ್ಯಾಗ ಇಳಿಸಾಕ ಹೋದ್ರ ಇಲ್ಲ. ಎಲ್ಲೆರ ಬಿದ್ದಾಳೇನೋ ಅಂತ ರಾತ್ರೆಲ್ಲ ನಿದ್ದಿ ಇಲ್ಲ ನನಗ."

ಗುಂಪಿನವರ ಮನೆಗಳನ್ನೆಲ್ಲ ಸುತ್ತಿ ಬಂದೆ. ಎಲ್ಲರೂ ಇದ್ದರು. ಗಾಡಿ ಬಂದ ದಾರಿಯಲ್ಲಿ ಯಾರೂ ಬಿದ್ದಿರಲಿಲ್ಲ, ಸುತ್ತಲ ಹಳ್ಳಿಗಳಲ್ಲಿ ಯಾರೂ ಕಾಣೆಯಾಗಿರಲಿಲ್ಲ. ಆಮೇಲೆ ಹುಸೇನಪ್ಪ ಆ ಹೊಲದ ಬಾಡಿಗೆ ಒಪ್ಪಲೇ ಇಲ್ಲ.

ಶಿವಲೀಲಾಳನ್ನು ಮಗ್ಗುಲಲ್ಲಿ ಕೂಡಿಸಿಕೊಂಡು, ನೀನು ಏನು ನೋಡಿದಿ ಎಂದು ಕೇಳಿದೆ. "ನಾ ಏನೂ ನೋಡ್ಲಿಲ್ಲ ಯಮ್ಮಾ. ಸಾಲಿನ್ಯಾಗ ನನ್ನ ಬಾಜು ಕುಂತಿದ್ದ ಅಮರಮ್ಮಗೂ ನನಗೂ ನಡುವ ಜಾಗ ಖಾಲಿ ಇತ್ತು. ನೀ ಮೂರೂ ಸಲ ಅಲ್ಲಿ ಕೈ ಇಟ್ಟಿ. ಗಾಳ್ಯಾಗ."

ಇಷ್ಟು ಹೊತ್ತು ನಾನು ಬರೆಯದೆ ಬಿಟ್ಟ ಮಾತೊಂದಿದೆ. ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಆ ಜಾಗದಲ್ಲಿ ನನ್ನ ಕೈಗೆ ತಲೆ ಸಿಕ್ಕಿತ್ತು. ಮೂರೂ ಸಲ ಸಿಕ್ಕಿತ್ತು. ಹಗಲೆಲ್ಲ ಬಿಸಿಲಲ್ಲಿ ಕೂತೆದ್ದವರ ತಲೆಗಳ ನಡುವೆ ಆ ಒಂದು ತಲೆಯ ಕೂದಲು ತೊಯ್ದು ತೊಪ್ಪೆಯಾಗಿ ತಣ್ಣಗಿತ್ತು. ಬೆವರೆಂದುಕೊಂಡು ಸೀರೆಗೆ ಅಂಗೈ ಒರೆಸಿಕೊಂಡಿದ್ದೆ.

ಅದು ಯಾರು, ನಮ್ಮಿಂದ ಏನು ಬೇಕಿತ್ತು, ಗಾಡಿ ಹತ್ತಿದ್ದರೆ ಏನಾಗುತ್ತಿತ್ತು, ನನಗೆ ತಿಳಿಯದು. ಏನೂ ಆಗುತ್ತಿರಲಿಲ್ಲವೋ ಏನೋ. ಈಗ ಕೆಲಸಕ್ಕೆ ಹೋದಾಗ ಹೆಸರು ಕೂಗಿ ಎಣಿಸುತ್ತೇನೆ. ಜೊತೆಗೆ ಬಂದ ಮಕ್ಕಳಲ್ಲಿ ಯಾವುದಾದರೂ ಬೇಡ ಎಂದರೆ, ಯಾಕೆ ಎಂದು ಒಂದೇ ಸಲ ಕೇಳುತ್ತೇನೆ. ಗೊತ್ತಿಲ್ಲ ಎಂದರೂ ನಿಲ್ಲುತ್ತೇನೆ.

ಶಿವಲೀಲಾ ರಜೆ ಮುಗಿಸಿ ಹಾಸ್ಟೆಲಿಗೆ ಹೊರಡುವಾಗ ನನ್ನ ಕಾಲು ಮುಟ್ಟಿ ತಲೆ ಬಾಗಿಸುತ್ತಾಳೆ. ಹರಸಲು ಎತ್ತಿದ ಕೈ ಇನ್ನೂ ನಡುವೆ ತಡೆದು ನಿಲ್ಲುತ್ತದೆ. ತಲೆಗೆ ಎರೆದುಕೊಂಡು ಬಂದಿದ್ದರೆ, ತಲೆ ಒಣಗಿಸಿಕೊಂಡು ಬಾ ಎನ್ನುತ್ತೇನೆ. ಅವಳು ಯಾಕೆ ಎಂದು ಕೇಳುವುದಿಲ್ಲ, ಬಿಸಿಲಿಗೆ ಹೋಗಿ ನಿಲ್ಲುತ್ತಾಳೆ.