ಅಜ್ಜನ ತಲೆಗೆ ಎಲಚಿ ಹಣ್ಣು

"ಏಳಬ್ಯಾಡ, ಸುಮ್ನೆ ಕುಂದ್ರು" ಎಂದು ದೊಡ್ಡಜ್ಜಿ ಗದರಿದಾಗ ಅಜ್ಜ ಮತ್ತೆ ಮಣೆಯ ಮೇಲೆ ಮಗುವಿನಂತೆ ಕುಳಿತುಬಿಟ್ಟ. ದೊಡ್ಡಜ್ಜಿ ಎಂದರೆ ಅಜ್ಜನ ಅಕ್ಕ.

ಪ್ಲೇಗಿಗೆ ಹೆದರಿ ನ್ಯಾಮತಿಯ ಮನೆ ಬಿಟ್ಟು ನಾವೆಲ್ಲ ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದ ಚಳಿಗಾಲವದು. ಅಜ್ಜನಿಗೂ ಕಂಕುಳಲ್ಲಿ ಗಡ್ಡೆ ಎದ್ದು, ಉಳಿಯುತ್ತಾನೆಂಬ ಆಸೆಯನ್ನು ಮನೆಯವರು ಬಿಟ್ಟಿದ್ದರು. ಹೇಗೋ ಜ್ವರ ಇಳಿದು, ಎದ್ದು ಕುಳಿತು ಗಂಜಿ ಕುಡಿಯುವಷ್ಟರಲ್ಲಿ ಸಂಕ್ರಾಂತಿ ಬಂತು. ಅಂದು ಸಂಜೆ ಪುಟ್ಟ ಮಕ್ಕಳ ತಲೆಯ ಮೇಲೆ ಎಲಚಿ ಹಣ್ಣು, ಕಬ್ಬಿನ ಚೂರು ಎರೆದು ದೃಷ್ಟಿ ತೆಗೆದು ಹರಸುವುದು ನಮ್ಮಲ್ಲಿ ವಾಡಿಕೆ. ನನಗೂ ನನ್ನ ಅಕ್ಕನಿಗೂ ಎರೆದಾದ ಮೇಲೆ ದೊಡ್ಡಜ್ಜಿ ಅಜ್ಜನನ್ನೇ ಕರೆದು ಕೂರಿಸಿದ್ದಳು.

"ಇದೇನ್ರೀ ಅತ್ತೆ, ಮೊಮ್ಮಕ್ಕಳನ್ನ ಕಂಡೋರಿಗೆ ಎರೀತಾರೇನ್ರಿ?" ಎಂದು ಅಮ್ಮ ನಕ್ಕಳು.

"ಇವನು ಮತ್ತೆ ಹುಟ್ಟಿ ಬಂದು ಇನ್ನಾ ತಿಂಗಳಾಗಿಲ್ಲ. ಇವನಿಗಿಂತ ಎಳೇ ಕೂಸು ನಮ್ಮನ್ಯಾಗೆ ಯಾವುದೈತೆ?" ಎಂದವಳೇ ದೊಡ್ಡಜ್ಜಿ ಸೇರು ತುಂಬ ಹಣ್ಣು ಸುರಿದಳು. ಆಯ್ದುಕೊಳ್ಳಲು ನಾವು ಮುಗಿಬೀಳುವ ಮೊದಲೇ ಅಜ್ಜ ಮಡಿಲಲ್ಲಿ ಬಿದ್ದದ್ದನ್ನೆಲ್ಲ ಕಂಬಳಿಯೊಳಗೆ ಮುಚ್ಚಿಟ್ಟುಕೊಂಡ.

ಈಗ ನನಗೂ ಮೊಮ್ಮಕ್ಕಳಿದ್ದಾರೆ. ಸಂಕ್ರಾಂತಿಯ ಸಂಜೆ ಅವರ ಸಾಲಿನಲ್ಲಿ ಕೊನೆಯ ಮಣೆ ನನ್ನದು. ಎರೆಯಲು ನನ್ನಕ್ಕ ಇನ್ನೂ ಇದ್ದಾಳೆ.