ಹವಾಯಿಯನ್ ಗಿಟಾರಿಗೆ ಟ್ರ್ಯಾಕ್ಟರಿನ ಬೋಲ್ಟು

ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಬೆಳಿಗ್ಗೆ ಪೂಜೆಗೆ ಕೂತರೆ ಮನಸ್ಸು ಲಿಂಗದ ಮೇಲೆ ನಿಲ್ಲಲಿಲ್ಲ. ಶಿವ ನನ್ನನ್ನು ಕ್ಷಮಿಸಲಿ. ಅಂಗೈಯಲ್ಲಿ ಅವನಿದ್ದ, ತಲೆಯಲ್ಲಿ ಮೈದುನನಿದ್ದ. ಮೈದುನನಿಗೆ ಏನೇನು ಅನ್ನಬೇಕು ಅಂತ ಒಂದೊಂದೇ ಮಾತು ಹೊಂದಿಸುತ್ತಿದ್ದೆ.

ನನ್ನ ತವರು ತಿಕೋಟಾ. ದ್ರಾಕ್ಷಿ ಬೆಳೆದು, ಶೆಡ್ಡಿನಲ್ಲಿ ಒಣಗಿಸಿ ಮಣೂಕ ಮಾಡುವ ಮನೆ. ಅಪ್ಪನಿಗೆ ಸಿನಿಮಾದ ಹುಚ್ಚು, ಆದರೆ ಬೇರೆಯವರ ಹಾಗಲ್ಲ. ವಿಜಯಪುರದ ಟಾಕೀಸಿಗೆ ನಮ್ಮನ್ನು ಕರೆದುಕೊಂಡು ಬಂದರೆ, ಹಾಡು ಶುರುವಾದ ಕೂಡಲೇ ಕಣ್ಣು ಮುಚ್ಚಿ ಕೂಡುತ್ತಿದ್ದ. ಪರದೆಯ ಮೇಲೆ ಚಂದ್ರ ಮೂಡಿ, ನಾಯಕಿ ದೋಣಿಯ ಅಂಚಿಗೆ ಒರಗಿ, ಒಂದು ಸಾಲು ಹಾಡಿ ಉಸಿರು ತೆಗೆದುಕೊಳ್ಳುವ ಹೊತ್ತಿಗೆ ಒಂದು ಸದ್ದು ಜಾರಿ ಬರುತ್ತದಲ್ಲ, ಬೆಣ್ಣೆಯ ಮೇಲೆ ಬೆರಳು ಎಳೆದ ಹಾಗೆ, ಅಪ್ಪ ಟಿಕೆಟ್ಟು ಕೊಳ್ಳುತ್ತಿದ್ದದ್ದು ಅದಕ್ಕೆ. ಅದು ಹವಾಯಿಯನ್ ಗಿಟಾರು. ಸೊಲ್ಲಾಪುರದಿಂದ ಒಂದನ್ನು ತಂದು, ಮಣೂಕದ ಶೆಡ್ಡಿನ ನೆರಳಲ್ಲಿ ಕೂತು ತಾನೇ ಕಲಿತ. ನನಗೂ ಕಲಿಸಿದ.

ಇದನ್ನು ಎದೆಗೆ ಅವಚಿಕೊಂಡು ನುಡಿಸುವುದಲ್ಲ. ತೊಡೆಯ ಮೇಲೆ ಮಲಗಿಸಿ, ಎಡಗೈಯಲ್ಲಿ ಉಕ್ಕಿನ ದುಂಡು ಕಡ್ಡಿ ಹಿಡಿದು ತಂತಿಯ ಮೇಲೆ ಜಾರಿಸಬೇಕು. ಬೆರಳಿನಿಂದ ಒತ್ತುವುದೇ ಇಲ್ಲ. ಅದಕ್ಕೇ ತಂತಿಗಳು ಎತ್ತರದಲ್ಲಿರಬೇಕು. ಕುತ್ತಿಗೆಯ ತುದಿಯಲ್ಲಿ ಒಂದು ಎಲುಬಿನ ತುಂಡು ಅವನ್ನು ಎತ್ತಿ ಹಿಡಿದಿರುತ್ತದೆ. ನಮ್ಮ ಗಿಟಾರಿನ ತುಂಡನ್ನು ಅಪ್ಪ ಅರದಿಂದ ತಿಕ್ಕಿ ತಿಕ್ಕಿ ತನ್ನ ಕೈಯಾರೆ ಮಾಡಿದ್ದ. ನನ್ನ ಮಗಳ ತೊಟ್ಟಿಲಿಗೆ ಅಪ್ಪನೇ ಬಂದು ಒಂದು ಸಿನಿಮಾ ಹಾಡು ನುಡಿಸಿದ್ದ. ಈಗ ಅಪ್ಪ ಇಲ್ಲ. ಹೆರಿಗೆಗೆಂದು ವಿಜಯಪುರದ ಜಲನಗರದ ನಮ್ಮ ಮನೆಗೆ ಬಂದ ಆ ಮಗಳು ಕೇಳಿದ್ದು ಒಂದೇ.

“ಯವ್ವಾ, ಅಜ್ಜ ನನಗ ಬಾರಿಸಿದ್ದನ್ನ ನನ್ನ ಕೂಸಿಗಿ ನೀ ಬಾರಸ್ಬೇಕ ನೋಡು.”

ಸೀರೆ ಕೇಳಲಿಲ್ಲ, ಬಂಗಾರ ಕೇಳಲಿಲ್ಲ. ಅಷ್ಟಕ್ಕೂ ಕಲ್ಲು ಹಾಕಿದರಲ್ಲ, ನನ್ನ ಗಂಡ, ಮೈದುನ ಇಬ್ಬರೂ!

ಮೈದುನ ಬಬಲೇಶ್ವರದಲ್ಲಿ ಹೊಲ ನೋಡಿಕೊಂಡಿರುವವನು. ಕೆಟ್ಟವನಲ್ಲ. ಅದೇ ಕಷ್ಟ, ಕೆಟ್ಟವನಾಗಿದ್ದರೆ ಬೈಯುವುದು ಸುಲಭವಿತ್ತು. ಅಡುಗೆಯ ದೊಡ್ಡ ಪಾತ್ರೆ, ಹಂಡೆ ಎಲ್ಲ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹಿಂದಿನ ದಿನವೇ ಬಂದಿದ್ದ. ನಾನು ಗುಗ್ಗರಿಗೆ ಕಡಲೆ ಆರಿಸುತ್ತಿದ್ದಾಗ, ಹೇಳದೆ ಕೇಳದೆ ಗಿಟಾರನ್ನು ಸ್ಟೇಷನ್ ರಸ್ತೆಯ ಒಂದು ಅಂಗಡಿಗೆ ಒಯ್ದಿದ್ದಾನೆ. ನನ್ನ ಗಂಡನಿಗೆ ಗೊತ್ತು. ನನಗೆ ಖುಷಿಯಾಗಲಿ ಅಂತ ಅಣ್ಣತಮ್ಮ ಇಬ್ಬರೂ ಬಾಯಿ ಮುಚ್ಚಿಕೊಂಡಿದ್ದಾರೆ. ಸಂಜೆ ಮಿರಿಮಿರಿ ಪಾಲಿಶು ಮಾಡಿಸಿ ತಂದು ಮುಂದಿಟ್ಟ.

“ಹೊಸಾ ತಂತಿ ಹಾಕ್ಸೀನ್ರಿ ವೈನಿ. ಮತ್ತ ಇನ್ನೊಂದ ಛಲೋ ಕೆಲಸ ಮಾಡೇನಿ. ಅದರ ಕುತಗ್ಯಾಗ ಎಲಬ ಇತ್ತಂತ್ರಿ! ಅಂಗಡ್ಯಾಂವ ಹೇಳಿದ ಕೂಡ್ಲೆ ತಗಸಿ ಒಗಸೀನಿ. ತೊಟ್ಟಿಲದ ಮುಂದ ಎಲಬ ಇಟ್ರ ಹೆಂಗ್ರಿ? ಪ್ಲಾಸ್ಟಿಕ್ಕಿಂದ ಹಾಕ್ಸೀನಿ. ತಂತಿ ನೋಡ್ರಿ, ಮದ್ಲ ಎಷ್ಟ ಮ್ಯಾಲ ಎದ್ದಿದ್ವು, ಈಗ ಹೆಂಗ ತಳಕ್ಕ ಕುಂತಾವ!”

ಕಡ್ಡಿ ಇಟ್ಟು ಎಳೆದೆ. ಸ್ವರ ಬರಲಿಲ್ಲ. ಕಡ್ಡಿ ಕುತ್ತಿಗೆಗೆ ಅಡ್ಡಡ್ಡ ಕೂರಿಸಿದ ಲೋಹದ ಪಟ್ಟಿಗಳಿಗೆ ಬಡಿದು, ತಗಡಿನ ಮೇಲೆ ಕಲ್ಲು ಉರುಳಿಸಿದ ಹಾಗೆ ಕಟಕಟ ಅಂತು.

“ಎಲ್ಲಿ ಒಗದಿ ಅದನ್ನ?”

“ಅಂಗಡಿ ಕಸದಾಗ ಹೋತ್ರಿ.”

“ಹೋಗಿ ಹುಡುಕ್ಕೊಂಡ ಬಾ.”

ಹೋದ. ಕಸ ಗುಡಿಸಿ ಗಾಡಿಗೆ ಹಾಕಿಬಿಟ್ಟಿದ್ದಾರೆ ಅಂತ ಬರಿಗೈಯಲ್ಲಿ ಬಂದ.

ಎಲುಬಂತೆ! ಅಪ್ಪ ಸ್ನಾನ ಮಾಡಿ, ವಿಭೂತಿ ಧರಿಸಿ, ಲಿಂಗಪೂಜೆ ಮುಗಿಸಿಯೇ ಆ ಗಿಟಾರು ಮುಟ್ಟುತ್ತಿದ್ದವನು. ದೇವರ ಮುಂದೆ ಊದುವ ಶಂಖ ಯಾವ ಗಿಡದಲ್ಲಿ ಬಿಡುತ್ತದೆ? ಗುಡಿಯ ನಗಾರಿಗೆ ಹೊದಿಸಿದ್ದು ಬಾಳೆ ಎಲೆಯೇನು?

ಆದರೆ ನನಗೆ ಉರಿ ಹತ್ತಿದ್ದು ಬರೀ ಅದಕ್ಕಲ್ಲ. ಮದುವೆಯಾಗಿ ಬಂದಾಗಿನಿಂದ ಈ ಮನೆಯಲ್ಲಿ ಗಿಟಾರು ನುಡಿಸಿದ್ದೇನೆ. ಶ್ರಾವಣ ಸೋಮವಾರದ ಭಜನೆಗೆ ನುಡಿಸಿದ್ದೇನೆ, ಅತ್ತೆಗೆ ಕಣ್ಣು ಕಾಣದಾದ ಮೇಲೆ ಅವರ ಮಂಚದ ಪಕ್ಕ ಕೂತು ಹಳೆಯ ಸಿನಿಮಾ ಹಾಡು ನುಡಿಸಿದ್ದೇನೆ. ಈ ಅಣ್ಣತಮ್ಮ ಇಬ್ಬರೂ ಚಹಾ ಕುಡಿಯುತ್ತ ಕೇಳಿದ್ದಾರೆ, ತಲೆ ಆಡಿಸಿದ್ದಾರೆ. ಒಬ್ಬನಾದರೂ ಒಂದು ದಿನ ನನ್ನ ಕೈ ಕಡೆಗೆ ಕಣ್ಣು ಹಾಯಿಸಿದ್ದರೆ ತಂತಿ ಯಾಕೆ ಎತ್ತರದಲ್ಲಿದೆ ಅಂತ ತಿಳಿಯುತ್ತಿತ್ತು. ನೋಡಲೇ ಇಲ್ಲ. ರೊಟ್ಟಿ ತಿಂದವರು ಹಂಚಿನ ಕಡೆ ನೋಡುತ್ತಾರೆಯೇ?

ಗಂಡ ಸಮಾಧಾನ ಮಾಡಲು ಬಂದರು. “ಹೋಗ್ಲಿ ಬಿಡ. ಆ ಹಾಡನ್ನ ಮೊಬೈಲ್‌ನ್ಯಾಗ ಹಚ್ಚೋಣಂತ. ಅದರಾಗೂ ನಡುವ ನಡುವ ಬರ್ತದಲ್ಲ, ಆ ಪಿಟೀಲು.”

ಪಿಟೀಲು! ಗಿಟಾರು ಎತ್ತಿಕೊಂಡು ಅಡುಗೆಮನೆಗೆ ಹೋದೆ. ಅಲ್ಲೇ ನಿಂತಿದ್ದರೆ ಬಾಣಂತಿ ಇರುವ ಮನೆಯಲ್ಲಿ ಆಡಬಾರದ ಮಾತು ಆಡಿಬಿಡುತ್ತಿದ್ದೆ.

ಇಂಥ ಹೊತ್ತಿನಲ್ಲಿ ಉಳಿದದ್ದನ್ನು ಎಣಿಸಿಕೊಳ್ಳುವುದು ನನ್ನ ರೂಢಿ. ಉಕ್ಕಿನ ಕಡ್ಡಿ ಉಳಿದಿತ್ತು, ಅದು ಯಾವಾಗಲೂ ಸಾಸಿವೆ ಡಬ್ಬಿಯ ಹಿಂದೆ ಇರುತ್ತದೆ, ಗಂಡಸರ ಕೈ ಅಲ್ಲಿಯವರೆಗೆ ಬರುವುದಿಲ್ಲ. ಶಿವನ ಕೃಪೆ. ಮರಕ್ಕೆ ಏಟು ಬಿದ್ದಿರಲಿಲ್ಲ. ಅದೂ ಕೃಪೆ. ಆದರೆ ತಂತಿ ಎತ್ತುವುದು ಹೇಗೆ? ಅಡಿಯಲ್ಲಿ ಪೆನ್ಸಿಲ್ಲು ತುರುಕಿದೆ, ಉರುಳಿತು. ಸೌಟಿನ ಹಿಡಿ ಇಟ್ಟೆ, ತಂತಿಗಳು ಜಾರಿ ಒಂದರ ಮೇಲೊಂದು ಬಿದ್ದವು. ಅವು ಕೂಡಲು ಕಚ್ಚು ಬೇಕು.

ಬೆಳಿಗ್ಗೆ ಪೂಜೆಗೆ ಕೂತಾಗ, ನಾನು ಬೈಗುಳ ಹೊಂದಿಸುತ್ತಿದ್ದಾಗಲೇ, ಹೊರಗೆ ಟ್ರ್ಯಾಕ್ಟರು ಗುಡುಗುಟ್ಟಿತು. ಲಿಂಗವನ್ನು ಕಣ್ಣಿಗೊತ್ತಿಕೊಂಡು ಎದ್ದು ಹೋದೆ.

“ತಮ್ಮಾ, ನಿನ್ನ ಟ್ರ್ಯಾಕ್ಟರ್ ಡಬ್ಬ್ಯಾಗ ಬೋಲ್ಟ್ ಅದಾವೇನು? ನನ್ನ ಬೆರಳಷ್ಟ ಉದ್ದ, ಮೈತುಂಬ ಥ್ರೆಡ್ ಇದ್ದದ್ದು?”

“ಅದಾವ್ರಿ. ಯಾಕ್ರಿ ವೈನಿ?”

“ನಿನ್ನ ತಲಿಗಿ ಬಿಗ್ಯಾಕ. ತಾ ಇಲ್ಲೆ.”

“ಗ್ರೀಸ್ ಹತ್ತೇತ್ರಿ. ತೊಟ್ಟಿಲದ ಮುಂದ ಅದು…”

“ಎಲಬ ಮೈಲಿಗಿ, ಗ್ರೀಸ್ ಮೈಲಿಗಿ, ನಿನ್ನ ಶ್ಯಾಣ್ಯಾತನ ಒಂದ ಮಡಿ ಏನಲೇ? ತಿಕ್ಕಿ ತೊಳ್ಕೊಂಡ ಬಾ, ಹೋಗು.”

ಬೂದಿ ಹಚ್ಚಿ ತಿಕ್ಕಿ ತೊಳೆದು ತಂದ. ಪ್ಲಾಸ್ಟಿಕ್ಕಿನ ಪಕ್ಕ, ತಂತಿಗಳ ಅಡಿಗೆ ಅದನ್ನು ತುರುಕಿದೆ. ತಂತಿಗಳು ಮೇಲೆದ್ದವು, ಒಂದೊಂದೂ ಒಂದೊಂದು ಗೆರೆಯಲ್ಲಿ ಕಚ್ಚಿ ಕೂತಿತು. ಕಡ್ಡಿ ಎಳೆದೆ. ಜಾರಿತು.

ಮಧ್ಯಾಹ್ನ ಹೆಂಗಸರು ಕೂಸಿನ ಕಿವಿಯಲ್ಲಿ ಹೆಸರು ಹೇಳಿ, ಜೋಗುಳ ಹಾಡಿ, ತೊಟ್ಟಿಲು ತೂಗಿದರು. ಆಮೇಲೆ ನಾನು ಕೆಳಗೆ ಕೂತು ಅಪ್ಪ ನುಡಿಸಿದ್ದನ್ನು ನುಡಿಸಿದೆ. ಕೂಸು ಮಲಗಲಿಲ್ಲ, ಅಳಲೂ ಇಲ್ಲ. ಕಣ್ಣು ಬಿಟ್ಟುಕೊಂಡು ನನ್ನ ಕಡೆಗೇ ಮುಖ ಮಾಡಿತ್ತು. ನಾನು ನುಡಿಸುವಾಗ ಈ ಮನೆಯಲ್ಲಿ ಅಷ್ಟು ಮಾಡಿದ್ದು ಅದೊಂದೇ.

“ಅಜ್ಜಂದೂ ಹಿಂಗ ಇತ್ತೇನ ಬೇ?” ಮಗಳು ಕಣ್ಣೊರೆಸಿಕೊಂಡು ಕೇಳಿದಳು.

“ಇದಕ್ಕಿಂತ ಭಾಳ ಛಲೋ ಇತ್ತ,” ಅಂದೆ. ಸುಳ್ಳು ಯಾಕೆ ಹೇಳಲಿ? ಕಬ್ಬಿಣದ ಸದ್ದಿನಲ್ಲಿ ಒಂದು ಒರಟುತನ ಇತ್ತು. ಎಲುಬಿನ ಮೆದುತನ ಸ್ಟೇಷನ್ ರಸ್ತೆಯ ಕಸದಲ್ಲಿ ಹೋಗಿತ್ತು.

ಸಂಜೆ ಪಾತ್ರೆ ಹೇರಿಕೊಂಡು ಹೊರಟ ಮೈದುನ ಬಾಗಿಲಲ್ಲಿ ನಿಂತು ತಲೆ ಕೆರೆದ.

“ವೈನಿ, ಆ ಬೋಲ್ಟ್… ಟ್ರೇಲರಿಂದ ಐತ್ರಿ ಅದು. ಮುಂದ ಬೇಕಾಗ್ತದ.”

“ನಮ್ಮಪ್ಪ ಮಾಡಿದ ತುಂಡ ತಂದ ಕೊಡು, ನಿನ್ನ ಬೋಲ್ಟ್ ಒಯ್ಯಿ.”

ಅವನು ನಕ್ಕ. ನಾನು ನಗಲಿಲ್ಲ. ಗಿಟಾರನ್ನು ಬಟ್ಟೆಯಲ್ಲಿ ಸುತ್ತಿ, ದೇವರ ಕೋಣೆಯೊಳಗಿಟ್ಟು ಬಾಗಿಲು ಹಾಕಿದೆ.